ಓದುವ ಬೆರಳಿಗೆ ಮುಯ್ಯಾಳು

ಕಿವಿ ಪೂರ್ತಿ ಹೋಗುವ ಮೊದಲು ಬೆರಳಿಗೆ ಓದು ಬರಬೇಕು. ಕೆಲಸ ಅಂದರೆ ಇಷ್ಟೇ. ಮಧುಗಿರಿಯಲ್ಲಿ ಪಾವಗಡದ ಬಸ್ಸು ಹತ್ತುವಾಗ ಮೇಷ್ಟ್ರು ನನಗೆ ಹೇಳಿದ್ದು ಇದೊಂದೇ ಮಾತು.

ಮೇಷ್ಟ್ರಿಗೆ ಹುಟ್ಟಿನಿಂದ ಕಣ್ಣಿಲ್ಲ. ಕಣ್ಣು ಕಾಣದವರಿಗೆ ಓದು ಕಲಿಸುವ ನಮ್ಮ ಕೇಂದ್ರದಲ್ಲಿ ಬ್ರೈಲ್ ಕಲಿಸುತ್ತಾರೆ. ನಾನು ಅಲ್ಲಿ ಆಯಾ. ಮಕ್ಕಳಿಗೆ ಬಡಿಸುವುದು, ಬಟ್ಟೆ ಒಗೆಯುವುದು, ಮೇಷ್ಟ್ರು ಹಳ್ಳಿಗೆ ಹೊರಟರೆ ಮೊಣಕೈ ಕೊಟ್ಟು ಕರೆದುಕೊಂಡು ಹೋಗುವುದು ನನ್ನ ಕೆಲಸ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ಇದನ್ನು ನಾನೇ ಬರೆದೆ, ಕಾಗುಣಿತ ತಿದ್ದಿದವರು ಆಫೀಸಿನವರು.

ನಾವು ಹೋದದ್ದು ವೈ.ಎನ್.ಹೊಸಕೋಟೆಯಿಂದ ಆಚೆಗಿನ ಒಂದು ಹಳ್ಳಿಗೆ. ಅಲ್ಲಿ ಒಬ್ಬಳು ಟೈಲರ್ ಇದ್ದಳು. ಹುಟ್ಟಿದಾಗಿನಿಂದ ಅವಳ ಕಿವಿ ಮಂದ. ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿತು ಹತ್ತನೇ ಕ್ಲಾಸು ಪಾಸು ಮಾಡಿದ್ದಳು, ಊರಿನ ಹೆಂಗಸರಿಗೆಲ್ಲ ರವಿಕೆ ಹೊಲಿದುಕೊಂಡಿದ್ದಳು. ಮೂವತ್ತು ದಾಟುವ ಹೊತ್ತಿಗೆ ಅಂಚಿನಿಂದ ಕತ್ತಲು ಕವಿಯುತ್ತಾ ಬಂದು ಕಣ್ಣೂ ಮುಚ್ಚಿಹೋಯಿತು. ಉಳಿದಿದ್ದು ಬಲಗಿವಿಯಲ್ಲಿ ಚೂರು. ಕಿವಿಗೆ ಮಿಷನ್ನು ಹಾಕಿಕೊಂಡು, ಹತ್ತಿರ ಬಾಯಿಟ್ಟು ಕೂಗಿದರೆ ಕೇಳುತ್ತಿತ್ತು. ಅದೂ ಉಳಿಯುವುದಿಲ್ಲ ಅಂತ ಡಾಕ್ಟರು ಹೇಳಿಬಿಟ್ಟಿದ್ದರು. ಯಾವಾಗ ಹೋಗುತ್ತದೆ ಅಂತ ಅವರೂ ಹೇಳಲಿಲ್ಲ.

ಈಗೆಲ್ಲ ಫೋನೇ ಪುಸ್ತಕ ಓದಿ ಹೇಳುತ್ತದೆ, ಈ ಚುಕ್ಕಿ ಯಾಕೆ ಅಂತ ಕೇಳುವವರು ಬಹಳ ಜನ. ನಮ್ಮ ಕೇಂದ್ರದ ಮಕ್ಕಳೇ ಕೇಳುತ್ತಾರೆ. ಕಿವಿ ಇರುವವರ ಮಾತು ಅದು. ಇವಳಿಗೆ ಕಿವಿ ಹೋದ ಮೇಲೆ ಒಳಗೆ ಹೋಗಲು ಉಳಿಯುವ ಬಾಗಿಲು ಬೆರಳೊಂದೇ. ಆ ಬಾಗಿಲು ಹೇಗೆ ತೆಗೆಯಬೇಕು ಅಂತ ಹೇಳಿಕೊಡಬೇಕಾದರೂ ಕಿವಿಯಲ್ಲೇ ಹೇಳಬೇಕು. ಅದಕ್ಕೇ ಅವಸರ.

ಅವಳ ತಾಯಿ ಬಾಗಿಲಲ್ಲಿ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು. ಮೇಷ್ಟ್ರ ಕರಿ ಕನ್ನಡಕ ನೋಡಿ, ಆ ಕಡೆಯವರಂತೆ ತೆಲುಗು ಬೆರೆಸಿ ನನ್ನನ್ನು ಕೇಳಿದಳು.

"ಏಮಮ್ಮಾ, ಕಣ್ಣಿಲ್ಲದ ಮೇಷ್ಟ್ರು ಕಣ್ಣಿಲ್ಲದೋಳಿಗೆ ಏನ್ ಹೇಳ್ಕೊಡ್ತಾರೆ?"

"ಕಣ್ಣಿರೋರ ಕೈಲಿ ಹೇಳ್ಕೊಡಕ್ಕೆ ಆಗ್ದಿರೋದನ್ನ," ಅಂದೆ.

ಮೇಷ್ಟ್ರು ನಕ್ಕರು. ಆಕೆ ನಗಲಿಲ್ಲ. ನೀರು ತಂದುಕೊಟ್ಟಳು.

ಕಲಿಕೆ ಶುರುವಾಗಿದ್ದು ಮೊಟ್ಟೆ ಟ್ರೇಯಿಂದ. ಅದನ್ನು ಆರು ಗುಳಿ ಬರುವಂತೆ ಕತ್ತರಿಸಿ, ಒಂದೊಂದು ಅಕ್ಷರಕ್ಕೂ ಯಾವ ಯಾವ ಗುಳಿಯಲ್ಲಿ ನಿಂಬೆಕಾಯಿ ಇಡಬೇಕು ಅಂತ ಮೇಷ್ಟ್ರು ತೋರಿಸುತ್ತಿದ್ದರು. ಆಮೇಲೆ ದಪ್ಪ ಕಾಗದದ ಮೇಲಿನ ಚುಕ್ಕಿ. ಅವಳ ಎಡಗೈ ತೋರುಬೆರಳು ಸೂಜಿ ಚುಚ್ಚಿ ಚುಚ್ಚಿ ದಡ್ಡುಗಟ್ಟಿತ್ತು. ಮೇಷ್ಟ್ರು ಅದನ್ನು ಹಿಸುಕಿ ನೋಡಿ ಬಿಟ್ಟು, ಬಲಗೈಯ ತೋರುಬೆರಳನ್ನು ಆರಿಸಿಕೊಂಡರು. ಕಣ್ಣಲ್ಲಿ ಕನ್ನಡ ಓದಿದವಳಾದ್ದರಿಂದ ಅವಳಿಗೆ ಒಂದು ತೊಂದರೆ ಇತ್ತು. ಬ್ರೈಲಿನಲ್ಲಿ ಒತ್ತಕ್ಷರ ಕೆಳಗೆ ನೇತಾಡುವುದಿಲ್ಲ, ಎಲ್ಲ ಒಂದೇ ಸಾಲಿನಲ್ಲಿ ಮುಂದೆ ಮುಂದೆ ಬರುತ್ತದೆ. ಅವಳ ಬೆರಳು ಅಕ್ಷರದ ಕೆಳಗೆ ಹೋಗಿ ತಡಕಾಡುತ್ತಿತ್ತು.

"ಕೆಳಗಡೆ ಏನೂ ಇಲ್ಲ ಕಣಮ್ಮ, ಮುಂದಕ್ಕೆ ಹೋಗು," ಅಂತ ಮೇಷ್ಟ್ರು ಅವಳ ಬಲಗಿವಿಗೆ ಕೂಗುತ್ತಿದ್ದರು. ಪಕ್ಕದ ಮನೆಯ ನಾಯಿ ಪ್ರತಿ ಸಲ ಬೊಗಳುತ್ತಿತ್ತು.

ಅವಳು ಬೇಗ ಕಲಿತಳು. ಮೇಷ್ಟ್ರು ಕೇಂದ್ರದಲ್ಲಿದ್ದ ಯಂತ್ರವನ್ನು ತಂದರು. ನಾವು ಅದನ್ನು ಚುಕ್ಕಿ ಪೆಟ್ಟಿಗೆ ಅನ್ನುತ್ತೇವೆ. ಒಂದು ಅಡಿಕೆ ತಟ್ಟೆಯಷ್ಟು ಉದ್ದ. ಮುಂದುಗಡೆ ಒಂದೇ ಒಂದು ಸಾಲು, ಅದರಲ್ಲಿ ಸಾಸಿವೆಗಿಂತ ಸಣ್ಣ ಮೊಳೆಗಳು ಎದ್ದು ಬಿದ್ದು ಅಕ್ಷರವಾಗುತ್ತವೆ. ಸಾಲು ಓದಿ ಮುಗಿಸಿ ಹೆಬ್ಬೆರಳಲ್ಲಿ ಗುಂಡಿ ಒತ್ತಿದರೆ ಆ ಮೊಳೆಗಳೆಲ್ಲ ಪಟಪಟ ಅಂತ ಇಳಿದು ಮುಂದಿನ ಸಾಲಾಗಿ ಏಳುತ್ತವೆ. ಹಿಂದುಗಡೆ ಆರು ಕೀ ಇವೆ, ಅವುಗಳಿಂದ ಬರೆಯಲೂಬಹುದು. ಕಾಗದದಲ್ಲಿ ಅಚ್ಚು ಹಾಕಿದರೆ ಒಂದು ಕತೆ ಪುಸ್ತಕ ದಿಂಬಿನಷ್ಟು ದಪ್ಪ ಆಗುತ್ತದೆ, ಬಸ್ಸಿನಲ್ಲಿ ಹೊತ್ತು ನನಗೆ ಗೊತ್ತು. ಪೆಟ್ಟಿಗೆಗೆ ಉಗುರಿನಷ್ಟು ಚಿಕ್ಕ ಕಾರ್ಡು ಸಾಕು, ಬೀರುವಿನ ತುಂಬ ಇಡುವಷ್ಟು ಪುಸ್ತಕ ಅದರೊಳಗೆ.

ಆ ಪುಸ್ತಕಗಳು ಸಿಗುವುದು ಇಂಟರ್ನೆಟ್ಟಿನಲ್ಲಿ. ಕಣ್ಣು ಕಾಣದವರಿಗೆಂದೇ ಅಲ್ಲಿ ಲೈಬ್ರರಿ ಇದೆ. ಅವಳ ಸರ್ಟಿಫಿಕೇಟು ಕಳಿಸಿ ಮೇಷ್ಟ್ರು ಅವಳನ್ನು ಮೆಂಬರು ಮಾಡಿಸಿದ್ದರು. ಹಳ್ಳಿಯಲ್ಲಿ ನೆಟ್ಟು ಸರಿಯಾಗಿ ಬರುವುದಿಲ್ಲ ಅಂತ ಮಧುಗಿರಿಯಲ್ಲೇ ಇಳಿಸಿ ಕಾರ್ಡಿಗೆ ತುಂಬಿದರು. ಹಳ್ಳಿಗೆ ಬಂದು ತೆಗೆದರೆ ಅವಳ ಮುಖ ಸಿಂಡರಿಸಿತು. "ಸಾರ್, ಇದು ಕನ್ನಡ ಅಲ್ಲ," ಅಂದಳು. ಮೇಷ್ಟ್ರು ತಾವೇ ಬೆರಳಿಟ್ಟು ನೋಡಿದರು. ಪ್ರತಿ ಅಕ್ಷರದ ಜಾಗದಲ್ಲೂ ಒಂದೇ ಥರದ ಚಿಹ್ನೆಗಳ ಬಾಲ. ಪೆಟ್ಟಿಗೆ ಇಂಗ್ಲಿಷಿನ ಲೆಕ್ಕದಲ್ಲಿ ಕೂತಿತ್ತು, ಕನ್ನಡ ಅಕ್ಷರ ಕಂಡಾಗಲೆಲ್ಲ ಅದರ ಗುರುತಿನ ನಂಬರನ್ನು ಕಕ್ಕುತ್ತಿತ್ತು. ಒಳಗಿನ ಪಟ್ಟಿಯಲ್ಲಿ ಭಾಷೆ ಹುಡುಕಿ ಕನ್ನಡಕ್ಕೆ ತಿರುಗಿಸುವ ಹೊತ್ತಿಗೆ ಮಧ್ಯಾಹ್ನದ ಬಸ್ಸು ಹೋಗಿತ್ತು. ಆದರೆ ಅವಳು ಆವತ್ತು ಒಂದು ಪುಟ ಓದಿದಳು. ಕಣ್ಣು ಹೋದ ಮೇಲೆ ತಾನೇ ಓದಿದ ಮೊದಲ ಪುಟ. ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದಳು.

ಪೆಟ್ಟಿಗೆ ಅಲ್ಲೇ ಬಿಟ್ಟು ಬಂದೆವು. ಮುಂದಿನ ಸಲ ಹೋದಾಗ ಬೆರಳು ಸತ್ತಿತ್ತು.

ಮೇಷ್ಟ್ರು ಪಾಠ ಶುರು ಮಾಡಿದರು. ಅವಳು ಸಾಲಿನ ಮೇಲೆ ಬೆರಳಾಡಿಸಿದಳು, ನಿಂತಳು, ಮತ್ತೆ ಆಡಿಸಿದಳು. "ಮರಳು ಮುಟ್ಟಿದಂಗೆ ಐತೆ ಸಾರ್. ಏನೂ ಗೊತ್ತಾಗ್ತಿಲ್ಲ," ಅಂದಳು. ಮೇಷ್ಟ್ರು ಅವಳ ಬೆರಳು ಹಿಡಿದರು. ತುದಿ ಒರಟಾಗಿ, ಸೀಳು ಬಿಟ್ಟು, ಗಟ್ಟಿಯಾಗಿತ್ತು. ಆಮೇಲೆ ಪೆಟ್ಟಿಗೆಯ ಸಾಲನ್ನು ಮುಟ್ಟಿ ಮೂಸಿ ನೋಡಿದರು.

"ಕಡ್ಲೆಕಾಯಿ ವಾಸನೆ. ಎಣ್ಣೆ ಹಿಡಿದೈತೆ. ಆಯಮ್ಮ, ಮೊಳೆ ಸಂದೀಲಿ ಏನೈತೆ ನೋಡಿ."

ನೋಡಿದೆ. ಕಡ್ಲೆಬೀಜದ ಮೇಲಿನ ಕೆಂಪು ಪೊರೆಯ ಪುಡಿ ಮೊಳೆಗಳ ಸುತ್ತ ಅಂಟಿ ಕೂತಿತ್ತು. ಕೆಲವು ಮೊಳೆ ಏಳುತ್ತಿರಲಿಲ್ಲ, ಕೆಲವು ಇಳಿಯುತ್ತಿರಲಿಲ್ಲ.

"ಕಾಯಿ ಸುಲಿದ್ಯಾ?" ಅಂತ ಮೇಷ್ಟ್ರು ಕೂಗಿದರು.

"ಹೂಂ ಸಾರ್. ಕೂತ್ಕೊಂಡು ತಿನ್ನಕ್ಕೆ ನಾಚ್ಕೆ ಆಗ್ತದೆ."

ತಾಯಿ ಅಡುಗೆ ಮನೆಯಿಂದ ಬಂದಳು. "ಮುಯ್ಯಿ ತೀರಿಸ್ದೆ ಇದ್ರೆ ನಮ್ಮ ಅಂಗಳಕ್ಕೆ ಯಾರು ಬತ್ತಾರೆ ಸಾರ್? ನಾಳೆ ಮಳೆ ಬಂದ್ರೆ ನಿಮ್ಮ ಪೆಟ್ಟಿಗೆ ಬಿತ್ತನೆ ಮಾಡ್ತದಾ?"

ಆ ಕಡೆಯ ಕ್ರಮ ಹೇಳಬೇಕು. ಬಿತ್ತನೆ ಕಡ್ಲೆಕಾಯಿಯನ್ನು ಕೈಯಲ್ಲೇ ಸುಲಿಯುತ್ತಾರೆ. ಮಿಷನ್ನಿಗೆ ಹಾಕಿದರೆ ಬೀಜದ ಪೊರೆ ಕೀಳುತ್ತದೆ, ಹೋಳಾಗುತ್ತದೆ, ಮೊಳೆಯುವುದಿಲ್ಲ. ಮಳೆಗೆ ಮುಂಚೆ ಹೆಂಗಸರು ಇವತ್ತು ಒಬ್ಬರ ಅಂಗಳ, ನಾಳೆ ಇನ್ನೊಬ್ಬರ ಅಂಗಳ ಅಂತ ಸರದಿಯಲ್ಲಿ ಕೂತು ಸುಲಿದು ಮುಗಿಸುತ್ತಾರೆ. ನಮ್ಮ ಅಂಗಳಕ್ಕೆ ಬಂದವರ ಅಂಗಳಕ್ಕೆ ನಾವು ಹೋಗಲೇಬೇಕು, ಅದೇ ಮುಯ್ಯಿ. ಕೂಲಿ ಕೊಟ್ಟು ಯಾರನ್ನೋ ಕಳಿಸಿದರೆ ನಡೆಯುವುದಿಲ್ಲ, ಮನೆಯ ಆಳೇ ಬರಬೇಕು. ಈ ಮನೆಯಲ್ಲಿ ಇದ್ದ ಆಳು ಇಬ್ಬರೇ, ತಾಯಿ ಮತ್ತು ಮಗಳು. ಹೊಲ ಮನೆ ತಾಯಿಯ ಪಾಲು, ಸುಲಿಯುವುದು ಕಣ್ಣು ಬೇಡದ ಕೆಲಸವಾದ್ದರಿಂದ ಅದಕ್ಕೆ ಮಗಳು ಹೋಗುತ್ತಿದ್ದಳು. ಊರಿನ ಹೆಂಗಸರ ಜೊತೆ ಅವಳು ಸರಿಸಮ ಕೂರುತ್ತಿದ್ದುದು ಅದೊಂದು ಕೆಲಸದಲ್ಲಿ ಮಾತ್ರ. ಬಂದು ಅದೇ ಕೈಯಲ್ಲಿ ಪೆಟ್ಟಿಗೆ ಮುಟ್ಟುತ್ತಿದ್ದಳು.

ಮೇಷ್ಟ್ರು ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿದರು. ಹೊರಗೆ ಜಗಲಿಗೆ ಬಂದು ನನಗೆ ಮೆಲ್ಲಗೆ ಹೇಳಿದರು. "ಪೆಟ್ಟಿಗೆ ಒಂದೇ ಇರೋದು ಆಯಮ್ಮ. ಶಿರಾದಲ್ಲಿ ಕಾಲೇಜು ಹುಡುಗ ಕೇಳ್ತಾ ಅವ್ನೆ. ತೋವಿನಕೆರೆಯಲ್ಲಿ ಇನ್ನೊಬ್ರು. ಇಲ್ಲಿ ಬಿಟ್ರೆ ಓದೂ ಇಲ್ಲ, ಯಂತ್ರಾನೂ ಕೆಡ್ತದೆ. ಈ ಮೊಳೆ ಪೂರ್ತಿ ಕೂತ್ರೆ ಬೆಂಗಳೂರಿಗೆ ಕಳಿಸ್ಬೇಕು, ಯಾವಾಗ ವಾಪಸ್ ಬರ್ತದೋ."

ಅವರು ಹೇಳಿದ್ದು ಸುಳ್ಳಲ್ಲ. ಆದರೆ ಸುಲಿಯುವುದು ಮುಗಿದು ಬೆರಳು ಸರಿಯಾಗುವವರೆಗೆ ಅವಳ ಕಿವಿ ಕಾಯುತ್ತದೆ ಅಂತ ಯಾರು ಬರೆದುಕೊಟ್ಟಿದ್ದರು? ನಾನು ಬಹಳ ಯೋಚನೆ ಮಾಡಲಿಲ್ಲ. ಯೋಚನೆ ಮಾಡಿದ್ದರೆ ಬಸ್ಸು ಹತ್ತುತ್ತಿದ್ದೆ.

"ಆ ಮುಯ್ಯಿ ನಾನು ತೀರಿಸ್ತೀನಿ," ಅಂದೆ.

"ನೀವಾ? ಮನೆ ಆಳೇ ಆಗ್ಬೇಕಂತಲ್ಲ."

"ಯಾರ ಮನೇಲಿ ಮುದ್ದೆ ಉಣ್ತೀನೋ ಆ ಮನೆ ಆಳು. ಕೇಂದ್ರಕ್ಕೆ ನೀವೇ ಹೇಳ್ಕಳಿ. ಮಕ್ಕಳಿಗೂ ರಜ, ಅಲ್ಲಿ ಉಣ್ಣೋರು ಯಾರೂ ಇಲ್ಲ."

"ನನ್ನ ಮಧುಗಿರಿಗೆ ಕರ್ಕೊಂಡು ಹೋಗೋರು ಯಾರು?"

"ಕೋಲು ಐತಲ್ಲ."

ಅವರು ಕೋಲು ತಡವಿ ನೋಡಿ, "ಬಸ್ ಹತ್ತಿಸ್ಬುಡಿ, ಸಾಕು," ಅಂದರು. ಚೀಲದಿಂದ ಪೆಟ್ಟಿಗೆ ತೆಗೆದು ನನ್ನ ಕೈಗೆ ಕೊಟ್ಟು, ಷರತ್ತು ಹಾಕಿದರು. ಮುಂದಿನ ಸಲ ಬಂದಾಗ ಅವಳು ತಡವರಿಸದೆ ಓದಬೇಕು, ಇಲ್ಲದಿದ್ದರೆ ಪೆಟ್ಟಿಗೆ ಶಿರಾಕ್ಕೆ. ಅಲ್ಲಿಯವರೆಗೆ ಅವಳು ಕಾಯಿ ಮುಟ್ಟಬಾರದು. ಕೈ ಸೋಪಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಪೆಟ್ಟಿಗೆ. ಸಿಪ್ಪೆ ಧೂಳು ಇರುವ ಕಡೆ ಪೆಟ್ಟಿಗೆ ತೆಗೆಯಬಾರದು.

ಒಳಗೆ ಹೋಗಿ ಮಗಳಿಗೆ ಕಿವಿಯಲ್ಲಿ ಕೂಗಿ ಹೇಳಿದೆ. ಅವಳು ಒಪ್ಪಲಿಲ್ಲ. "ನನ್ನ ಬದಲು ನೀವು ಕೂತ್ರೆ ನಾನು ಈ ಊರಲ್ಲಿ ಏನಕ್ಕೆ ಇದ್ದಂಗೆ?" ಅಂತ ಕೇಳಿದಳು. "ಸುಮ್ನೆ ಇರು," ಅಂದೆ. ತಾಯಿ ಮಾತ್ರ ನನ್ನ ಕೈ ತಿರುಗಿಸಿ ನೋಡಿ, "ಮುದುಕಿ ಕೈ. ನಡೀತದೆ," ಅಂದಳು.

ಮರುದಿನ ಎದುರು ಮನೆಯ ಹಿರಿಯಾಕೆಯ ಅಂಗಳ. ಆ ಊರಿನಲ್ಲಿ ಮುಯ್ಯಿಯ ಲೆಕ್ಕ ಬಾಯಲ್ಲೇ ಇಟ್ಟುಕೊಳ್ಳುವವಳು ಅವಳು. ನಾನು ಹೋಗಿ ಕೂತಿದ್ದೇ ತಡ, "ಸಂಬಳದ ಆಯಾನ ಮುಯ್ಯಿಗೆ ಕಳ್ಸವ್ರೆ, ನೋಡ್ರೇ!" ಅಂದಳು.

"ಸಂಬಳ ಮಧುಗಿರೀಲಿ ಕೊಡ್ತಾರೆ ಕಣಮ್ಮ. ಇಲ್ಲಿ ಬರೀ ಮುದ್ದೆ," ಅಂದೆ.

"ಮುದ್ದೆ ಗಟ್ಟಿಯಾಗಿತ್ತಾ?"

"ಗಟ್ಟಿ ಇತ್ತು. ಸಾರು ನೀರು."

ಹೆಂಗಸರು ನಕ್ಕರು. ಹಿರಿಯಾಕೆ ಮೊರ ನನ್ನ ಕಡೆ ನೂಕಿದಳು.

ಸುಲಿಯುವುದು ಹೊಲಿಗೆಯಷ್ಟೇ ಸೂಕ್ಷ್ಮ. ಕಾಯಿಗೆ ಕೊಂಚ ನೀರು ಚಿಮುಕಿಸಿ ಮೆತ್ತಗೆ ಮಾಡಿರುತ್ತಾರೆ. ಮೂತಿಯ ಕಡೆ ಹೆಬ್ಬೆರಳು ತೋರುಬೆರಳು ಇಟ್ಟು ಒತ್ತಿದರೆ ಬಾಯಿ ಬಿಡುತ್ತದೆ. ಜೋರಾಗಿ ಒತ್ತಿದರೆ ಬೀಜದ ಪೊರೆ ಹರಿಯುತ್ತದೆ, ಹಿರಿಯಾಕೆ ಅದನ್ನು ಎತ್ತಿ ಎಲ್ಲರಿಗೂ ತೋರಿಸುತ್ತಾಳೆ. ಮೊದಲ ದಿನ ನನ್ನದು ಬಹಳ ತೋರಿಸಿದಳು. ಆಮೇಲೆ ಕೈ ಹದಕ್ಕೆ ಬಂತು, ಆದರೆ ಹೆಬ್ಬೆರಳಿನ ಉಗುರ ಸಂದಿ ಒಡೆಯಿತು. ಊಟಕ್ಕೆ ಕೂತರೆ ಖಾರ ಉರಿಯುತ್ತಿತ್ತು. ಮಗಳು ನನ್ನ ಬೆರಳು ತಡವಿ ನೋಡಿ ಏನೋ ಹೇಳಲು ಬಂದಳು. ಅವಳ ಕೈಯನ್ನು ಪೆಟ್ಟಿಗೆಯ ಮೇಲೆ ಇಟ್ಟು ಎದ್ದು ಬಂದೆ.

ಅವಳ ಬೆರಳಿನ ಸತ್ತ ಚರ್ಮ ಈರುಳ್ಳಿ ಸಿಪ್ಪೆಯಂತೆ ಎದ್ದು ಬಂತು. ಕೆಳಗಿನ ಹೊಸ ಚರ್ಮಕ್ಕೆ ಚುಕ್ಕಿ ತಾಗಿದರೆ ನೋವು. ಸ್ವಲ್ಪ ದಿನ ಉಂಗುರದ ಬೆರಳಲ್ಲಿ ಓದಲು ನೋಡಿದಳು, ಅದು ದಡ್ಡ ಬೆರಳು, ಸಾಲು ತಪ್ಪುತ್ತಿತ್ತು. ಮೊಳೆಗಳನ್ನು ನಾನು ಮೇಷ್ಟ್ರು ಫೋನಿನಲ್ಲಿ ಹೇಳಿದಂತೆ ಸ್ಪಿರಿಟ್ಟಿನಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಒರೆಸಿದೆ. ಸಂದಿಗೆ ಹೊಸ ಪೇಂಟ್ ಬ್ರಷ್ಷು. ಒತ್ತಬಾರದು, ಸವರಬೇಕು. ಎಲ್ಲ ಸರಿಯಾದವು, ಕೊನೆಯ ಕಡೆ ಒಂದು ಮೊಳೆ ಮಾತ್ರ ಏಳಲೇ ಇಲ್ಲ. "ಅದೊಂದು ಇಲ್ದಿದ್ರೂ ನಡೀತದೆ. ಅಲ್ಲಿ ಏನಿರ್ಬೇಕು ಅಂತ ನಂಗೆ ಗೊತ್ತಾಗ್ತದೆ," ಅಂದಳು.

ಓದು ಮರಳಿ ಬಂತು. ಬಂದ ಹಾಗೇ ಕಿವಿ ಹೋಯಿತು.

ಒಂದು ಬೆಳಿಗ್ಗೆ ಅವಳು ಜಗಲಿಯಲ್ಲಿ ಕೂತು ಕಿವಿ ಮಿಷನ್ನಿನ ಸೆಲ್ಲು ಬದಲಾಯಿಸುತ್ತಿದ್ದಳು. ಹಾಕಿಕೊಂಡಳು, ತೆಗೆದಳು, ಹಳೆಯ ಸೆಲ್ಲು ಹಾಕಿದಳು, ಮತ್ತೆ ಹೊಸದು. ತಾಯಿ ಹೋಗಿ ಬಲಗಿವಿಗೆ ಕೂಗಿದಳು. ಇನ್ನೊಮ್ಮೆ ಕೂಗಿದಳು. ನಾಯಿ ಬೊಗಳಿತು. ಮಗಳು ಮಿಷನ್ನನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿ ಪಕ್ಕಕ್ಕಿಟ್ಟಳು. ತಾಯಿ "ಅಯ್ಯೋ ದೇವುಡಾ" ಅಂತ ಅಲ್ಲೇ ಕುಸಿದಳು. ಮಗಳು ಅಳಲಿಲ್ಲ. ಕೈ ಮುಂದೆ ಚಾಚಿಕೊಂಡು ಕೂತಿದ್ದಳು, ಯಾರಾದರೂ ಮುಟ್ಟಲಿ ಅಂತ.

ಮೇಷ್ಟ್ರು ಇರಲಿಲ್ಲ. ಇದ್ದವಳು ನಾನು. ಮಕ್ಕಳಿಗೆ ಬಡಿಸುತ್ತಾ ಬಡಿಸುತ್ತಾ ಗೋಡೆಯ ಮೇಲಿನ ಬ್ರೈಲ್ ಪಟವನ್ನು ವರ್ಷಾನುಗಟ್ಟಲೆ ನೋಡಿದ್ದೇನೆ. ಅಷ್ಟಕ್ಕೇ ಬರುತ್ತದೆ ಅಂತ ಹೇಳಲಾರೆ. ಚುಕ್ಕಿ ಅಂದರೆ ರಂಗೋಲಿ ಇದ್ದ ಹಾಗೆ ಅಂತ ಹೇಳುವವರಿದ್ದಾರೆ. ಅಲ್ಲ. ರಂಗೋಲಿಯಲ್ಲಿ ಚುಕ್ಕಿ ತಪ್ಪಿದರೆ ಒರೆಸಬಹುದು, ಇಲ್ಲಿ ನಾನು ಒರೆಸುವ ಗುಂಡಿ ಯಾವುದು ಅಂತಲೂ ಅರಿಯೆ. ಪೆಟ್ಟಿಗೆ ತಂದು ಅವಳ ಮುಂದಿಟ್ಟು, ಅದರೊಳಗಿನ ಬರೆಯುವ ಹಾಳೆ ತೆರೆದು, ಅವಳ ಬೆರಳನ್ನು ಸಾಲಿನ ಮೇಲಿಟ್ಟೆ. ಒಂದೊಂದು ಅಕ್ಷರಕ್ಕೂ ಬೆರಳು ಲೆಕ್ಕ ಹಾಕಿ ಕೀ ಒತ್ತಿದೆ. ಬಹಳ ಹೊತ್ತು ಹಿಡಿಯಿತು. ನಾನು ಬರೆದದ್ದು, ಮುದ್ದೆ ಆರ್ತಾ ಐತೆ, ಏಳು.

ಅವಳು ಓದಿದಳು. ತಪ್ಪೂ ಇದ್ದಿರಬೇಕು, ಮತ್ತೆ ಹಿಂದಕ್ಕೆ ಹೋಗಿ ಓದಿದಳು. ಆಮೇಲೆ ಹೊಲದ ಆ ಬದುವಿನಿಂದ ಈ ಬದುವಿಗೆ ಕೂಗುವ ಹಾಗೆ, "ಬಂದೆ!" ಅಂದಳು.

ಮೇಷ್ಟ್ರು ಬರುವ ದಿನ ಮತ್ತೆ ಹಿರಿಯಾಕೆಯ ಅಂಗಳವೇ, ಉಳಿದಿದ್ದ ಕಾಯಿ ಮುಗಿಸಲು. ನಾನು ಹೊರಟಾಗ ಮಗಳು ಸೆರಗು ಹಿಡಿದು ತಾನೂ ಬರುತ್ತೇನೆ ಅಂದಳು, ಪೆಟ್ಟಿಗೆ ಸಮೇತ. ಧೂಳಿನ ವಿಷಯ ಬರೆದು ಹೇಳಿದೆ. "ಗಾಳಿ ಬರೋ ಕಡೆ ಕೂತ್ಕೊತೀನಿ. ಮನೇಲಿ ಒಬ್ಳೇ ಇರಲ್ಲ," ಅಂದಳು. ಹಿರಿಯಾಕೆಯ ಜಗಲಿಯ ಆ ತುದಿಗೆ ಕೂರಿಸಿದೆ. ಅಲ್ಲಿಂದ ಗಾಳಿ ಸಿಪ್ಪೆಯನ್ನು ಬೀದಿಯ ಕಡೆಗೆ ಒಯ್ಯುತ್ತಿತ್ತು.

ಮೇಷ್ಟ್ರು ಕೋಲು ತಟ್ಟಿಕೊಂಡು ಅಲ್ಲಿಗೇ ಬಂದರು. ಬಸ್ ಸ್ಟ್ಯಾಂಡಿನಿಂದ ಯಾರೋ ಬಿಟ್ಟು ಹೋಗಿದ್ದರು. ಜಗಲಿಯಲ್ಲಿ ಅವಳ ಪಕ್ಕ ಕೂತು, ಕೀ ಒತ್ತಿ ಏನೋ ಬರೆದರು. ಅವಳು ಓದಿ ತಲೆಯಾಡಿಸಿ, ಪುಸ್ತಕ ತೆಗೆದು ಗಟ್ಟಿಯಾಗಿ ಓದಲು ಶುರು ಮಾಡಿದಳು.

ಗಂಡನ ಮನೆಯಿಂದ ಹೊರಗೆ ಹಾಕಿಸಿಕೊಂಡ ಹೆಂಗಸೊಬ್ಬಳ ಕತೆ ಅದು. ತವರಿಗೆ ಹೋಗುತ್ತಾಳೆ, ಅಲ್ಲೂ ನಿಲ್ಲಿಸುವುದಿಲ್ಲ, ಕೂಸನ್ನು ಕಟ್ಟಿಕೊಂಡು ಮತ್ತೆ ಗಂಡನ ಮನೆಯ ಬಾಗಿಲಿಗೇ ಬರುತ್ತಾಳೆ. ಮೊದಲು ಯಾರೂ ಕೇಳಿಸಿಕೊಳ್ಳಲಿಲ್ಲ, ತಮ್ಮ ಮಾತು ತಾವು ಆಡುತ್ತಿದ್ದರು. ಆಮೇಲೆ ಕಾಯಿ ಬಿರಿಯುವ ಶಬ್ದ ಒಂದೇ ಉಳಿಯಿತು.

"ವಾಪಸ್ ಯಾಕೆ ಹೋಗ್ತಾಳೆ ಅವ್ಳು? ಥೂ," ಅಂದಳು ಒಬ್ಬಳು.

"ಕೂಸು ಐತಲ್ಲೇ. ನಿನ್ನಂಗೆ ಒಂಟಿನಾ?" ಅಂದಳು ಇನ್ನೊಬ್ಬಳು.

"ಲೇ, ಸುಮ್ಕಿರ್ರೇ! ಕೇಳ್ಬೇಕು," ಅಂದಳು ಹಿರಿಯಾಕೆ.

ಮಗಳಿಗೆ ಇದಾವುದೂ ಕೇಳುತ್ತಿರಲಿಲ್ಲ, ಓದುತ್ತಲೇ ಇದ್ದಳು. ಬೆರಳು ಸಾಲಿನ ಮೇಲೆ ಹೋಗಿ ಕೊನೆ ಮುಟ್ಟುತ್ತಿತ್ತು, ಹೆಬ್ಬೆರಳು ಗುಂಡಿ ಒತ್ತುತ್ತಿತ್ತು, ಮೊಳೆಗಳು ಪಟಪಟ ಅನ್ನುತ್ತಿದ್ದವು. ಒಮ್ಮೊಮ್ಮೆ ದನಿ ತೀರ ಇಳಿಯುತ್ತಿತ್ತು. ಆಗ ನಾನು ಎದ್ದು ಹೋಗಿ ಅವಳ ಭುಜ ಒತ್ತುತ್ತಿದ್ದೆ, ಏರಿಸುತ್ತಿದ್ದಳು. ಕತೆಯ ಹೆಂಗಸು ಬಾಗಿಲು ತಟ್ಟಿದ ಕಡೆ ಓದು ನಿಂತಿತು. ಪೆಟ್ಟಿಗೆಯ ಚಾರ್ಜು ಮುಗಿದಿತ್ತು.

ಮೇಷ್ಟ್ರು ಎದ್ದರು. ಪೆಟ್ಟಿಗೆಗೆ ಅವರು ಕೈ ಹಾಕಲಿಲ್ಲ. "ಇಲ್ಲೇ ಇರ್ಲಿ ಆಯಮ್ಮ," ಅಂದರು.

"ಶಿರಾ ಹುಡುಗನಿಗೆ ಏನಂತ ಹೇಳ್ತೀರಿ?"

"ನಿಂಗೆ ಕಿವಿ ಐತೆ, ಇನ್ನೂ ಸ್ವಲ್ಪ ದಿನ ತಡಕೋ ಅಂತ. ಒಪ್ಪಲ್ಲ. ಅವನದೂ ಪರೀಕ್ಷೆ ಐತೆ. ಬೈತಾನೆ."

ಬೈಯಲಿ ಅಂತ ಹೇಳಬಹುದಿತ್ತು, ಆದರೆ ಅವನು ಬೈದರೆ ಅದೂ ನ್ಯಾಯವೇ.

ಹಿರಿಯಾಕೆ ಮಡಿಲಿನ ಬೀಜವನ್ನು ಕುಕ್ಕೆಗೆ ಸುರಿದು ನನ್ನ ಕಡೆ ತಿರುಗಿದಳು. "ನಾಳೆ ಮೂಲೆ ಮನೆ ಅಂಗಳ. ನೀನು ಬರಬ್ಯಾಡ ಕಣಮ್ಮ. ಅವಳ್ನ ಕಳ್ಸು. ಬಾಗ್ಲು ತೆಗೆದ್ರೋ ಇಲ್ವೋ ಗೊತ್ತಾಗ್ಬೇಕು."

"ಅವ್ಳು ಕಾಯಿ ಮುಟ್ಟಂಗಿಲ್ಲ."

"ಮುಟ್ಟು ಅಂದೋರು ಯಾರು? ಓದ್ಲಿ."

"ಮುಯ್ಯಿ ಲೆಕ್ಕಕ್ಕೆ ಹಿಡಿತೀಯಾ?"

"ಹಿಡೀದೆ ಏನು? ಆ ಮನೆ ಆಳಲ್ವಾ ಅವ್ಳು? ನೀನು ಪೊರೆ ಹರಿಯೋದು ನೋಡಿ ನೋಡಿ ನಂಗೂ ಸಾಕಾಗೈತೆ."

ಇದನ್ನು ಮಗಳಿಗೆ ತಿಳಿಸಬೇಕಿತ್ತು, ಆದರೆ ಪೆಟ್ಟಿಗೆ ಸತ್ತಿತ್ತು. ಮೇಷ್ಟ್ರು ಅವಳ ಅಂಗೈ ಹಿಡಿದು, ಆರು ಗುಳಿಗಳ ಲೆಕ್ಕದಲ್ಲೇ ಬೆರಳ ತುದಿಯಿಂದ ಒಂದೊಂದೇ ಅಕ್ಷರ ಒತ್ತಿದರು. ನಾಳೆ ಮುಯ್ಯಿಗೆ ನೀನೇ. ಅವಳು ಗ್ರಹಿಸಲು ತಡವಾಯಿತು. ಇನ್ನೊಂದು ಸಲ ಒತ್ತಿ ಅಂದಳು. ಒತ್ತಿದರು. ಆಮೇಲೆ ಆ ಅಂಗೈಯನ್ನು ಸ್ವಲ್ಪ ಹೊತ್ತು ಮುಚ್ಚಿ ಹಿಡಿದುಕೊಂಡಳು.

"ಹಂಗಾದ್ರೆ ಈಗ್ಲೇ ಚಾರ್ಜಿಗೆ ಹಾಕ್ಬೇಕು. ಕರೆಂಟು ಐತಾ?" ಅಂತ ಇಡೀ ಬೀದಿಗೆ ಕೇಳುವ ಹಾಗೆ ಕೂಗಿದಳು.

ನಾನು ಮಡಿಲಿನ ಸಿಪ್ಪೆ ಕೊಡವಿ ಎದ್ದು, ಮೇಷ್ಟ್ರಿಗೆ ಮೊಣಕೈ ಕೊಟ್ಟೆ.